ಬೇಸಿಗೆ ರಜೆಯ ಹಕ್ಕಿ, ಚಿಟ್ಟೆ: ನೀರಿನ ಲೆಕ್ಕ ಮತ್ತು ಬಿಸಿಲಿನ ಲೆಕ್ಕ

ಹಕ್ಕಿ ನೋಡುವವರ ನಡುವೆ ಬೇಸಿಗೆಗೆ ಒಳ್ಳೆಯ ಹೆಸರಿಲ್ಲ. ನವೆಂಬರಿನಿಂದ ಕೆರೆಕಟ್ಟೆಗಳನ್ನು ತುಂಬಿಕೊಂಡಿದ್ದ ವಲಸೆ ಹಕ್ಕಿಗಳಲ್ಲಿ ಬಹುಪಾಲು ಮಾರ್ಚ್ ಮುಗಿಯುವ ಹೊತ್ತಿಗೆ ಹೊರಟುಹೋಗಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಆ ವೇಳೆಗೆ ಮತ್ತೆ ಉತ್ತರದ ದಾರಿ ಹಿಡಿದಿರುತ್ತವೆ. ಚಿಟ್ಟೆಗಳ ಹಿಂದೆ ಬಿದ್ದವರು ಮಳೆ ಹಿಂದೆಗೆಯುವ ತಿಂಗಳುಗಳನ್ನೇ ಹೆಚ್ಚು ಮೆಚ್ಚುತ್ತಾರೆ. ಆದರೆ ನಮ್ಮ ಮಕ್ಕಳಿಗೆ ದೊಡ್ಡ ರಜೆ ಸಿಗುವುದು ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ, ಅಂದರೆ ಅಶ್ವಿನಿ ಮಳೆಯ ಹೊತ್ತಿನಿಂದ ರೋಹಿಣಿ ಮಳೆ ಹಿಡಿಯುವವರೆಗೆ. ಇಡೀ ಕುಟುಂಬ ಒಟ್ಟಿಗೆ ಅಜ್ಜನ ಮನೆಗೋ ಮಲೆನಾಡಿಗೋ ಹೋಗಿ ನಾಲ್ಕು ದಿನ ಇರುವುದೂ ಆಗಲೇ. ಈ ಆರೇಳು ವಾರಗಳಲ್ಲಿ ನೋಡಲು ಏನೂ ಇಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಹಕ್ಕಿಗಳ ಬಗೆಗಳು ಕಡಿಮೆಯಾಗಿರಬಹುದು; ಆದರೆ ಉಳಿದವು ಗೂಡು, ಮೊಟ್ಟೆ, ಮರಿ, ಜಗಳ, ಹಾಡು ಎಂದು ತಮ್ಮ ವರ್ಷದ ಮುಖ್ಯ ಕೆಲಸದಲ್ಲಿ ತೊಡಗಿರುತ್ತವೆ. ಆ ಕೆಲಸ ಎಲ್ಲಿ ಮತ್ತು ಯಾವ ಹೊತ್ತಿಗೆ ನಡೆಯುತ್ತದೆ ಎಂಬುದನ್ನು ಎರಡೇ ಸಂಗತಿಗಳು ನಿರ್ಧರಿಸುತ್ತವೆ: ನೀರು ಎಲ್ಲಿದೆ, ಬಿಸಿಲು ಎಷ್ಟಿದೆ. ಈ ಎರಡು ಲೆಕ್ಕ ಗೊತ್ತಿದ್ದರೆ ಬೇಸಿಗೆಯ ಪ್ರವಾಸ ವ್ಯರ್ಥವಾಗುವುದಿಲ್ಲ.

ಲೆಕ್ಕ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಉದಾಹರಣೆಯಿದೆ. ಒಂದು ವರ್ಷ ಮೇ ತಿಂಗಳ ನಡುವೆ, ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಮಕ್ಕಳನ್ನು ಕರೆದುಕೊಂಡು ಮಂಡಗದ್ದೆಯ ಪಕ್ಷಿಧಾಮದಲ್ಲಿ ಇಳಿದೆವು. ತುಂಗಾ ನದಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು, ನಡುಗಡ್ಡೆಯ ಮರಗಳು ಖಾಲಿಯಾಗಿದ್ದವು, ವೀಕ್ಷಣಾ ಗೋಪುರದ ಮೇಲೆ ನಾವು ಐದು ಜನ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆವು. ಮಗಳು, "ಅಪ್ಪಾ, ಹಕ್ಕಿಗಳಿಗೂ ರಜೆಯಾ?" ಎಂದು ಕೇಳಿದಳು. ತಪ್ಪು ಪಕ್ಷಿಧಾಮದ್ದಲ್ಲ, ನನ್ನದು. ಅಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುವುದು ಮುಂಗಾರು ಹಿಡಿದ ಮೇಲೆ, ತುಂಗೆ ಉಕ್ಕಿ ನಡುಗಡ್ಡೆಯ ಮರಗಳ ಬುಡದವರೆಗೂ ನೀರು ನಿಂತಾಗ. ಸುತ್ತಲೂ ಹರಿಯುವ ಕೆಂಪು ನೀರೇ ಕೋಟೆಯ ಕಂದಕವಾಗಿ ಹಾವು, ಕಾಡುಬೆಕ್ಕು, ಮನುಷ್ಯ ಯಾರೂ ಗೂಡಿನ ಹತ್ತಿರ ಸುಳಿಯದಂತೆ ತಡೆಯುತ್ತದೆ. ಸೊರಬ ತಾಲ್ಲೂಕಿನ ಗುಡವಿಯದೂ ಮಳೆಗಾಲದಿಂದ ಆರಂಭವಾಗುವ ಲೆಕ್ಕವೇ.

ಅದೇ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಿದ್ದರೆ ದೃಶ್ಯವೇ ಬೇರೆ. 17ನೆಯ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದಾಗಿ ರೂಪುಗೊಂಡ ಸಣ್ಣ ಸಣ್ಣ ತಿಟ್ಟುಗಳು ಇವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಸಂಸ್ಥಾನ ಇವನ್ನು ಪಕ್ಷಿಧಾಮವೆಂದು ಘೋಷಿಸಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಾದ ರಾಮ್‌ಸಾರ್ ತಾಣಗಳ ಪಟ್ಟಿಗೂ ಸೇರಿತು. ಇಲ್ಲಿ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆಗಳು (ಪೆಲಿಕನ್) ಬೇಸಿಗೆಯಲ್ಲಿಯೇ ಮರಿ ಸಾಕುತ್ತವೆ. ಒಂದೇ ರಾಜ್ಯದ ಎರಡು ನದಿಗಳ ನಡುಗಡ್ಡೆಗಳಲ್ಲಿ ಪಂಚಾಂಗ ಏಕೆ ಹೀಗೆ ಬೇರೆ? ಉತ್ತರ ಬಹುಮಟ್ಟಿಗೆ ಊಟದಲ್ಲಿದೆ. ಬಣ್ಣದ ಕೊಕ್ಕರೆ ಕಣ್ಣಿನಿಂದ ನೋಡಿ ಮೀನು ಹಿಡಿಯುವುದಕ್ಕಿಂತ ಹೆಚ್ಚಾಗಿ, ಅರೆತೆರೆದ ಕೊಕ್ಕನ್ನು ಮೊಣಕಾಲುದ್ದದ ನೀರಿನಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತದೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ತುಂಬಿದ ಕೆರೆಯಲ್ಲಿ ಈ ಉಪಾಯ ಫಲಿಸುವುದಿಲ್ಲ. ಕೆರೆ ಬತ್ತುತ್ತ ಬಂದು, ಇಡೀ ಕೆರೆಯ ಮೀನು ಗುಂಡಿಯಷ್ಟು ನೀರಿನಲ್ಲಿ ಒತ್ತೊತ್ತಾಗಿ ಸೇರಿದಾಗ ಅದಕ್ಕೆ ಹಬ್ಬ. ನಮಗೆ ಬರಗಾಲದಂತೆ ಕಾಣುವ ಬೇಸಿಗೆಯ ಕೆರೆ, ದಿನವಿಡೀ ಹಸಿದಿರುವ ಎರಡು ಮೂರು ಮರಿಗಳ ತಾಯಿಗೆ ತುಂಬಿದ ಉಗ್ರಾಣ. ಮುಂಗಾರು ಬಲಿತು ಕೃಷ್ಣರಾಜಸಾಗರದಿಂದ ನೀರು ಬಿಟ್ಟರೆ ತಿಟ್ಟುಗಳೇ ಮುಳುಗುವ ಸಂಭವವಿರುವುದರಿಂದ, ಅಷ್ಟರೊಳಗೆ ಮರಿಗಳು ಹಾರಲು ಕಲಿತಿರಬೇಕು. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಇದೇ ಜಾತಿಯ ಹಕ್ಕಿಗಳು ಈಶಾನ್ಯ ಮಾರುತದ ಮಳೆಯನ್ನು ಅನುಸರಿಸಿ ಚಳಿಗಾಲದಲ್ಲಿ ಗೂಡು ಕಟ್ಟುತ್ತವೆ ಎಂಬುದನ್ನು ಗಮನಿಸಿದರೆ, ಹಕ್ಕಿಗಳು ನಮ್ಮ ಕ್ಯಾಲೆಂಡರನ್ನಲ್ಲ, ತಮ್ಮ ಊರಿನ ನೀರನ್ನು ನೋಡಿಕೊಂಡು ಸಂಸಾರ ಹೂಡುತ್ತವೆ ಎನ್ನುವುದು ಸ್ಪಷ್ಟವಾಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೂ ಇದೇ ಮಾತು ಸಲ್ಲುತ್ತದೆ, ಆದರೆ ಅಲ್ಲಿಯ ವಿಶೇಷ ಬೇರೆ. ಅಲ್ಲಿ ಗೂಡುಗಳಿರುವುದು ಕಾಡಿನಲ್ಲೋ ನಡುಗಡ್ಡೆಯಲ್ಲೋ ಅಲ್ಲ, ಮನೆಗಳ ಹಿತ್ತಿಲಿನ ಹುಣಸೆಮರಗಳಲ್ಲಿ. ಜನ ಓಡಾಡುವ ಬೀದಿಯ ಮೇಲೆಯೇ ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಿನ ಚೀಲದೊಳಕ್ಕೆ ಅರ್ಧ ದೇಹವನ್ನೇ ತೂರಿಸಿ ಮೀನು ತಿನ್ನುವುದನ್ನು ದುರ್ಬೀನು ಇಲ್ಲದೆಯೇ ನೋಡಬಹುದು. ಸಣ್ಣ ಮಕ್ಕಳನ್ನು ಮೊದಲ ಬಾರಿಗೆ ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಸ್ಥಳ ನನಗೆ ತೋರದು: ಹಕ್ಕಿ ದೊಡ್ಡದು, ಹತ್ತಿರದಲ್ಲಿದೆ, ಗೂಡು ಬಿಟ್ಟು ಬೇಗನೆ ಹಾರಿಹೋಗುವುದಿಲ್ಲ. ಹೋಗುವವರು ಏಪ್ರಿಲ್ ತಿಂಗಳಲ್ಲೇ ಹೋಗುವುದು ಲೇಸು. ಮೇ ಕೊನೆಯ ಹೊತ್ತಿಗೆ ಹಲವು ಗೂಡುಗಳು ಬರಿದಾಗಿರುತ್ತವೆ. ಬಿಳಿ, ಕಪ್ಪು, ತಿಳಿಗುಲಾಬಿ ಬಣ್ಣದ ದೊಡ್ಡ ಕೊಕ್ಕರೆಗಳ ನಡುವೆ ಮಾಸಲು ಕಂದು ಬಣ್ಣದ ಹಕ್ಕಿಗಳು ಕಂಡರೆ ಅವು ಬೇರೆ ಜಾತಿಯವಲ್ಲ, ಅದೇ ವರ್ಷದ ಮರಿಗಳು.

ನೀರು ಇಳಿದಾಗಲೇ ಸಿಗುವ ಇನ್ನೊಂದು ನೋಟ ಭದ್ರಾ ಜಲಾಶಯದ್ದು. ಲಕ್ಕವಳ್ಳಿಯ ಬಳಿ ಹಿನ್ನೀರು ತಗ್ಗುತ್ತ ಹೋದಂತೆ ನಡುವೆ ಬೋಳು ನಡುಗಡ್ಡೆಗಳು ತಲೆ ಎತ್ತುತ್ತವೆ. ಅವುಗಳ ಮೇಲೆ ರೀವ ಹಕ್ಕಿಗಳು, ಅಂದರೆ ಹಳದಿ ಕೊಕ್ಕು, ಕಪ್ಪು ಟೋಪಿ, ಕವಲುಬಾಲದ ನದಿಹಕ್ಕಿಗಳು, ಸಾವಿರಾರು ಸಂಖ್ಯೆಯಲ್ಲಿ ನೆರೆದು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಹುಲ್ಲುಕಡ್ಡಿಯ ಗೂಡೂ ಇಲ್ಲ, ನೆರಳೂ ಇಲ್ಲ. ಮಳೆಗಾಲದಲ್ಲಿ ಆ ನೆಲವೇ ಇರುವುದಿಲ್ಲವಾದ್ದರಿಂದ, ಅವುಗಳಿಗೆ ಬೇಸಿಗೆಯ ಹೊರತು ಬೇರೆ ದಾರಿಯೇ ಇಲ್ಲ.

ಬಿಸಿಲಿನ ಗಡಿಯಾರ

ಈಗ ಎರಡನೆಯ ಲೆಕ್ಕ. ಹಕ್ಕಿಯ ಮೈಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಮೂರು ಡಿಗ್ರಿಯಷ್ಟು ಹೆಚ್ಚು. ಆದರೆ ಬೆವರುವ ಗ್ರಂಥಿಗಳು ಅದಕ್ಕಿಲ್ಲ. ಹಾಗಾಗಿ ಬಿಸಿಲೇರಿದಂತೆ ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ. ನೀರುಕಾಗೆ, ಹೆಜ್ಜಾರ್ಲೆ ಮುಂತಾದವು ಗಂಟಲಿನ ತೆಳು ಚರ್ಮವನ್ನು ಪಟಪಟನೆ ಅದುರಿಸಿ ಅಲ್ಲಿಂದ ನೀರು ಆವಿಯಾಗುವಂತೆ ಮಾಡುತ್ತವೆ. ಮಧ್ಯಾಹ್ನ ಕೊಂಬೆಯ ಮೇಲೆ ಬಾಯ್ದೆರೆದು ಕುಳಿತ ಕಾಗೆ ಹಸಿದಿದೆ ಎಂದು ಮಕ್ಕಳು ತಿಳಿಯುತ್ತಾರೆ. ಅದು ತಣ್ಣಗಾಗಲು ಹೆಣಗುತ್ತಿದೆ. ಈ ಉಪಾಯಗಳಿಗೆಲ್ಲ ಮೈಯ ನೀರು ಖರ್ಚಾಗುವುದರಿಂದ, ಓಡಾಟದ ಕೆಲಸವನ್ನು ಬೆಳಗ್ಗೆ ಆರರಿಂದ ಎಂಟೂವರೆಯೊಳಗೆ ಮುಗಿಸುವುದೇ ಹಕ್ಕಿಗೆ ಲಾಭ. ಬೇಸಿಗೆಯಲ್ಲಿ ಹತ್ತು ಗಂಟೆಗೆ ತಿಂಡಿ ಮುಗಿಸಿ ಹಕ್ಕಿ ನೋಡಲು ಹೊರಡುವ ಕುಟುಂಬಕ್ಕೆ ಮರಗಳೇ ಕಾಣುವುದಕ್ಕೆ ಕಾರಣ ಇಷ್ಟೇ.

ಗದ್ದೆಬಯಲಿನಲ್ಲಿ ಅಥವಾ ಬೋಳು ಮೈದಾನದಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದ ಸಂಗತಿ ಇನ್ನೂ ಸೊಗಸು. ಉಳಿದ ಕಾಲದಲ್ಲಿ ಕಾವು ಕೊಡುವುದೆಂದರೆ ಮೊಟ್ಟೆಯನ್ನು ಬೆಚ್ಚಗಿಡುವುದು. ಮೇ ತಿಂಗಳ ಬಿಸಿಲಿನಲ್ಲಿ ಅದು ಮೊಟ್ಟೆ ಬೇಯದಂತೆ ಕಾಯುವುದು. ತಾಯಿಯೋ ತಂದೆಯೋ ಮೊಟ್ಟೆಗಳ ಮೇಲೆ ಕೊಡೆಯಂತೆ ನಿಂತು ನೆರಳು ಮಾಡುತ್ತದೆ, ಹತ್ತಿರದ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೊಯ್ಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ನೀವು ನಡೆಯುವಾಗ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕಿರಿಚತೊಡಗಿದರೆ, ಕಲ್ಲಿನ ಬಣ್ಣದ ಮೊಟ್ಟೆಗಳು ಕಾಲಬುಡದಲ್ಲೇ ಇರಬಹುದು. ಬಂದ ದಾರಿಯಲ್ಲೇ ಹಿಂದಿರುಗುವುದು ಒಳ್ಳೆಯದು. ನೀವು ಅಲ್ಲಿ ನಿಂತಷ್ಟು ಹೊತ್ತೂ ಆ ಮೊಟ್ಟೆಗಳಿಗೆ ನೆರಳಿಲ್ಲ.

ಬಿಸಿಲಿನ ಹೊತ್ತಿನಲ್ಲಿಯೂ ಕೆಲಸಕ್ಕೆ ಇಳಿಯುವ ಹಕ್ಕಿಗಳು ಇಲ್ಲದಿಲ್ಲ. ನೆಲ ಕಾದು ಗಾಳಿ ಮೇಲೇಳತೊಡಗಿದಾಗ ಹದ್ದು, ಗರುಡ, ಕೊಕ್ಕರೆ, ಹೆಜ್ಜಾರ್ಲೆಗಳು ಆ ಬಿಸಿಗಾಳಿಯ ಕಂಬವನ್ನು ಹಿಡಿದು, ರೆಕ್ಕೆ ಬಡಿಯದೆಯೇ ಸುತ್ತು ಹಾಕುತ್ತ ಮೇಲಕ್ಕೇರುತ್ತವೆ. ಆದ್ದರಿಂದ ಹನ್ನೊಂದು ಗಂಟೆಯ ಮೇಲೆ ನೋಡಬೇಕಾದದ್ದು ಗಿಡದೊಳಗಲ್ಲ, ಆಕಾಶದಲ್ಲಿ. ಜಗಲಿಯ ನೆರಳಿನಲ್ಲಿ ಮಲಗಿಕೊಂಡೇ ನೋಡಬಹುದು. ಮಲೆನಾಡಿನಲ್ಲಾದರೆ ಅದೇ ಹೊತ್ತಿಗೆ ಕುಟ್ರುಹಕ್ಕಿಯ 'ಕುಟ್ರೂ ಕುಟ್ರೂ' ಎಲ್ಲ ದಿಕ್ಕಿನಿಂದಲೂ ಕೇಳುತ್ತಿರುತ್ತದೆ, ಬಯಲುಸೀಮೆಯಲ್ಲಿ ಅದರ ನಂಟ ಕಂಚುಗಾರ ಹಕ್ಕಿಯ 'ಟುಕ್ ಟುಕ್' ಎಂಬ ಸುತ್ತಿಗೆ ಪೆಟ್ಟು.

ಏಪ್ರಿಲ್–ಮೇ ತಿಂಗಳಲ್ಲಿ ಊರಿಗೂರೇ ಕೇಳುವ ಕೂಗು ಮಾತ್ರ ಕೋಗಿಲೆಯದು. ಅದು ವಸಂತದ ಸಂತೋಷಕ್ಕೆ ಹಾಡುತ್ತದೆ ಎನ್ನುವುದು ಕವಿಗಳ ಮಾತು. ಹಕ್ಕಿಯ ಲೆಕ್ಕ ಕಾಗೆಯ ಗೂಡಿನ ಮೇಲಿದೆ. ಕಾಗೆಗಳು ಮುಂಗಾರಿಗೆ ಮುಂಚೆ ಗೂಡು ಕಟ್ಟುತ್ತವೆ, ಕೋಗಿಲೆ ಸ್ವಂತ ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಆದ್ದರಿಂದ ಕಾಗೆ ಕಡ್ಡಿ ಹೊರಲು ತೊಡಗಿದ ಕಾಲವೇ ಕೋಗಿಲೆ ಕೂಗುವ ಕಾಲ. ಸ್ವರವನ್ನು ಏರಿಸುತ್ತ 'ಕುಹೂ' ಎಂದು ಕೂಗುವುದು ಕೆಂಪು ಕಣ್ಣಿನ ಕಪ್ಪು ಗಂಡು. ಹೆಣ್ಣಿಗೆ ಕಂದು ಮೈಯ ತುಂಬ ಬಿಳಿ ಚುಕ್ಕೆ, ಅದರ ದನಿ 'ಕಿಕ್ ಕಿಕ್ ಕಿಕ್' ಎಂಬ ಗಡಿಬಿಡಿಯದು. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಬೇಗ ಒಡೆಯುವುದರಿಂದ ಆ ಮರಿಗೆ ಊಟದಲ್ಲಿ ಮೊದಲ ಪಾಲು. ಆದರೂ ಬೇರೆ ಕೆಲವು ಕೋಗಿಲೆ ಜಾತಿಗಳ ಮರಿಗಳಂತೆ ಇದು ಸಾಕುತಾಯಿಯ ಮೊಟ್ಟೆಗಳನ್ನು ಗೂಡಿನಿಂದ ನೂಕುವುದು ಅಪರೂಪ. ರಜೆಯ ಕೊನೆಯ ವಾರಗಳಲ್ಲಿ ಕಾಗೆಯೊಂದು ತನಗಿಂತ ಬೇರೆಯಾಗಿ ಕಾಣುವ ಮರಿಯ ಬಾಯಿಗೆ ತುತ್ತಿಡುತ್ತಿದ್ದರೆ ಸ್ವಲ್ಪ ನಿಂತು ನೋಡಬೇಕು. ಇಡೀ ನಾಟಕ ನಡೆಯುವುದು ಬಸ್‌ ನಿಲ್ದಾಣದ ಬಳಿಯ ಮರದಲ್ಲೇ ಆದರೂ, ಅದಕ್ಕೆ ಟಿಕೆಟ್ ಇಲ್ಲದ ಕಾರಣವೋ ಏನೋ, ಬಹಳ ಜನ ಗಮನಿಸುವುದಿಲ್ಲ.

ಕಾಡಿನ ಕಡೆ ಹೋಗುವ ಕುಟುಂಬಗಳಿಗೆ ದಾಂಡೇಲಿಯ ಮಂಗಟ್ಟೆಗಳ (ಹಾರ್ನ್‌ಬಿಲ್) ಬಗ್ಗೆ ಒಂದು ಎಚ್ಚರಿಕೆ. ಕಾಳಿ ನದಿಯ ಆ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮತ್ತು ಹಣ್ಣಿನ ಗಸಿಯಿಂದ ಬಾಯಿಯನ್ನು ಮೆತ್ತಿ, ಕೊಕ್ಕು ತೂರುವಷ್ಟೇ ಸೀಳು ಉಳಿಸಿಕೊಂಡು ತಿಂಗಳುಗಟ್ಟಲೆ ಒಳಗಿರುತ್ತದೆ. ಏಪ್ರಿಲ್‌ನಲ್ಲಿ ಗಂಡಿಗೆ ತನ್ನ ಹೊಟ್ಟೆಯ ಜೊತೆ ಒಳಗಿನ ತಾಯಿ–ಮರಿಗಳ ಹೊಟ್ಟೆಯನ್ನೂ ತುಂಬಿಸುವ ಹೊಣೆ. ಗೂಡಿನ ಮರದ ಕೆಳಗೆ ಜನ ನಿಂತಿದ್ದರೆ ಅದು ಹತ್ತಿರ ಬರಲು ಹಿಂಜರಿಯುತ್ತದೆ, ಒಳಗಿದ್ದವು ಉಪವಾಸ ಬೀಳುತ್ತವೆ. ಆದ್ದರಿಂದ ಮಂಗಟ್ಟೆಯನ್ನು ಗೂಡಿನಲ್ಲಿ ನೋಡುವ ಆಸೆ ಬಿಟ್ಟು, ಹಣ್ಣಾದ ಆಲದ ಅಥವಾ ಅತ್ತಿಯ ಮರವನ್ನು ಹುಡುಕಬೇಕು. ಅಲ್ಲಿ ಮಂಗಟ್ಟೆಯೂ ಹಸಿರು ಪಾರಿವಾಳವೂ ಕುಟ್ರುಹಕ್ಕಿಯೂ ಒಂದೇ ಪಂಕ್ತಿಯಲ್ಲಿ ಸಿಗುತ್ತವೆ, ಯಾರ ಊಟಕ್ಕೂ ಅಡ್ಡಿಯಾಗುವುದಿಲ್ಲ.

ಒಂಬತ್ತು ಗಂಟೆಯ ಮೇಲೆ ಚಿಟ್ಟೆ

ಹಕ್ಕಿಗಳು ಸುಮ್ಮನಾಗುವ ಹೊತ್ತಿಗೆ ಸರಿಯಾಗಿ ಚಿಟ್ಟೆಗಳ ಪಾಳಿ ಆರಂಭವಾಗುತ್ತದೆ. ಚಿಟ್ಟೆಗೆ ಒಳಗಿನಿಂದ ಮೈಬಿಸಿ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಹಾರುವ ಸ್ನಾಯುಗಳು ಸುಮಾರು 30 ಡಿಗ್ರಿಯಷ್ಟು ಬೆಚ್ಚಗಾದರೆ ಮಾತ್ರ ಚೆನ್ನಾಗಿ ಹಾರಬಲ್ಲದು. ಬೆಳಗಿನ ಎಳೆಬಿಸಿಲಿಗೆ ರೆಕ್ಕೆ ಹರಡಿ ಎಲೆಯ ಮೇಲೆ ಕೂತ ಚಿಟ್ಟೆ ಚಂದ ತೋರಿಸುತ್ತಿಲ್ಲ, ಒಲೆಯ ಮುಂದೆ ಕೂತಂತೆ ಮೈ ಕಾಯಿಸಿಕೊಳ್ಳುತ್ತಿದೆ. ಅದು ಅಲುಗದೆ ಕೂರುವ ಈ ಸಮಯವೇ ಮಕ್ಕಳು ಹತ್ತಿರದಿಂದ ನೋಡಲು ತಕ್ಕದ್ದು. ಹೀಗಾಗಿ ಆರರಿಂದ ಎಂಟೂವರೆಗೆ ಹಕ್ಕಿ, ಆಮೇಲೆ ತಿಂಡಿ, ಒಂಬತ್ತರಿಂದ ಹನ್ನೊಂದಕ್ಕೆ ಚಿಟ್ಟೆ ಎಂಬ ದಿನಚರಿ ಬೇಸಿಗೆಗೆ ಚೆನ್ನಾಗಿ ಒಗ್ಗುತ್ತದೆ. ಮಧ್ಯಾಹ್ನ ಚಿಟ್ಟೆಗಳೂ ನೆರಳು ಸೇರುತ್ತವೆ.

ಬೇಸಿಗೆಯಲ್ಲಿ ಚಿಟ್ಟೆಗಳನ್ನು ಹೂವಿನ ಮೇಲೆ ಹುಡುಕುವುದಕ್ಕಿಂತ ಕೆಸರಿನ ಮೇಲೆ ಹುಡುಕುವುದು ಜಾಣತನ. ಬತ್ತುತ್ತಿರುವ ಹಳ್ಳದ ಅಂಚು, ಬಚ್ಚಲ ನೀರು ಹರಿದು ಹಸಿಯಾದ ನೆಲ, ಕೊಟ್ಟಿಗೆಯಿಂದ ಗಂಜಲ ಇಳಿಯುವ ಕಾಲುವೆ, ಇಂಥ ಕಡೆ ಹತ್ತಿಪ್ಪತ್ತು ಚಿಟ್ಟೆಗಳು ರೆಕ್ಕೆ ಮಡಚಿ ಸಾಲಾಗಿ ಕೂತು, ಸುರುಳಿ ನಾಲಿಗೆಯನ್ನು ಮಣ್ಣಿಗೆ ಚುಚ್ಚಿರುವುದು ಕಾಣುತ್ತದೆ. ಬಾಯಾರಿಕೆ ಇದಕ್ಕೆ ಮುಖ್ಯ ಕಾರಣವಲ್ಲ. ಅವು ಹೀರುತ್ತಿರುವುದು ಉಪ್ಪನ್ನು. ಕಂಬಳಿಹುಳು ತಿಂದು ಬೆಳೆದ ಎಲೆಗಳಲ್ಲಿ ಸೋಡಿಯಂ ತೀರ ಕಡಿಮೆ, ಹೂವಿನ ಮಕರಂದದಲ್ಲಿಯೂ ಅದು ಹೆಚ್ಚೇನಿಲ್ಲ. ನರಗಳಿಗೂ ಸ್ನಾಯುಗಳಿಗೂ ಬೇಕಾದ ಆ ಉಪ್ಪು ನೆಲದ ತೇವದಲ್ಲಿ, ಮೂತ್ರದಲ್ಲಿ, ಸಗಣಿಯಲ್ಲಿ ಸಿಗುತ್ತದೆ. ಕೆಸರಿನ ಮೇಲೆ ನೆರೆದವು ಬಹುಪಾಲು ಗಂಡುಗಳೇ ಆಗಿರುವುದಕ್ಕೂ ಅರ್ಥವಿದೆ: ಕೂಡುವಾಗ ಗಂಡು ತಾನು ಕೂಡಿಟ್ಟ ಉಪ್ಪಿನ ಒಂದು ಭಾಗವನ್ನು ವೀರ್ಯದ ಚೀಲದೊಡನೆ ಹೆಣ್ಣಿಗೆ ದಾಟಿಸುತ್ತದೆ, ಅದು ಮೊಟ್ಟೆಗಳಿಗೆ ಸೇರುತ್ತದೆ. ಒಂದು ಬಗೆಯ ಕನ್ಯಾಶುಲ್ಕವೆಂದೇ ಕರೆಯಬಹುದು. ಕಾಡಿನ ದಾರಿಯಲ್ಲಿ ಬೆವರಿದ ಕೈಯ ಮೇಲೆ ಚಿಟ್ಟೆ ಬಂದು ಕೂತರೆ ಅದು ಹುಡುಕಿದ್ದೂ ಇದೇ ಉಪ್ಪನ್ನು. ಕೈ ಅಲುಗಿಸದಿದ್ದರೆ ಅದರ ನಾಲಿಗೆಯ ಓಡಾಟ ಚರ್ಮಕ್ಕೆ ತಿಳಿಯುತ್ತದೆ.

ಮುಂಗಾರಿಗೆ ಮುಂಚಿನ ಈ ತಿಂಗಳುಗಳಲ್ಲೇ ಹೆಚ್ಚಾಗಿ ಹಾರುವ ಚಿಟ್ಟೆಗಳೂ ಇವೆ. ಕತ್ತಿಯಂಥ ಉದ್ದ ಬಾಲದ, ಬಿಳಿ ಮೈಗೆ ಕಪ್ಪು ಪಟ್ಟೆಯ ಸ್ವೋರ್ಡ್‌ಟೇಲ್ ಜಾತಿಗಳನ್ನು ಪಶ್ಚಿಮ ಘಟ್ಟದ ಹಳ್ಳಗಳ ಬದಿಯಲ್ಲಿ ನೋಡಬೇಕಾದದ್ದು ಈಗಲೇ. ಹಲಸು, ಮಾವು, ಗೇರುಹಣ್ಣು ಉದುರಿ ಕೊಳೆಯುವ ಕಡೆ ಹೂವಿಗೆ ಬಾರದ ಬೇರೆಯೇ ಗುಂಪು ಸೇರುತ್ತದೆ. ಅವುಗಳಲ್ಲಿ ಬ್ಯಾರನ್ ಎಂಬುದು ಮಾವಿನ ಎಲೆಯನ್ನೇ ತಿಂದು ಬೆಳೆದದ್ದು. ಹೆಸರುಗಳ ಬಗ್ಗೆ ಇಲ್ಲೊಂದು ಮಾತು. ಹಕ್ಕಿಗಳಿಗೆ ನಮ್ಮ ಜನ ಊರೂರಿಗೂ ಹೆಸರಿಟ್ಟಿದ್ದಾರೆ. ಚಿಟ್ಟೆಗೆ ಮಾತ್ರ ಚಿಟ್ಟೆ, ಉತ್ತರ ಕರ್ನಾಟಕದಲ್ಲಾದರೆ ಪಾತರಗಿತ್ತಿ ಎಂದು ಒಂದೇ ಹೆಸರಿನಲ್ಲಿ ಮುಗಿಸಿದ್ದಾರೆ. ಪಶ್ಚಿಮ ಘಟ್ಟಗಳಲ್ಲೇ 330ಕ್ಕೂ ಹೆಚ್ಚು ಜಾತಿಗಳಿರುವಾಗ ಇಂಗ್ಲಿಷ್ ಹೆಸರುಗಳನ್ನೇ ಕನ್ನಡದಲ್ಲಿ ಹೇಳಬೇಕಾಗಿದೆ. ಮಕ್ಕಳು ತಾವೇ ಹೆಸರು ಕಟ್ಟಿಕೊಂಡರೆ ತಡೆಯಬಾರದು. ನಮ್ಮ ಮನೆಯಲ್ಲಿ ಸ್ವೋರ್ಡ್‌ಟೇಲ್ ಈಗಲೂ 'ಬಾಲದ ಬಾವುಟ'.

ಒಣ ಎಲೆಗಳ ರಾಶಿಯ ಬಳಿ ಮುಸ್ಸಂಜೆಗೆ ಎದ್ದು, ನಾಲ್ಕು ಹೆಜ್ಜೆ ದೂರದಲ್ಲಿ ಮತ್ತೆ ಮಾಯವಾಗುವ ಕಂದು ಚಿಟ್ಟೆ ಈವ್ನಿಂಗ್ ಬ್ರೌನ್. ಮಳೆಗಾಲದಲ್ಲಿ ಹುಟ್ಟಿದ ಅದರ ಪೀಳಿಗೆಗೆ ರೆಕ್ಕೆಯ ಅಡಿಯಲ್ಲಿ ಸ್ಪಷ್ಟವಾದ ಕಣ್ಣುಗಳಂಥ ಬೊಟ್ಟುಗಳಿರುತ್ತವೆ. ಒಣಗಾಲದ ಪೀಳಿಗೆಗೆ ಆ ಬೊಟ್ಟುಗಳು ಹೆಚ್ಚುಕಡಿಮೆ ಅಳಿಸಿಹೋಗಿ, ರೆಕ್ಕೆಯ ಅಂಚು ಕೊಕ್ಕೆಯಾಗಿ, ಇಡೀ ಚಿಟ್ಟೆ ತರಗೆಲೆಯೇ ಆಗಿಬಿಡುತ್ತದೆ. ಹಸಿರು ತುಂಬಿದ ಕಾಲದಲ್ಲಿ ಶತ್ರುವಿನ ಕೊಕ್ಕನ್ನು ಮೈಯಿಂದ ರೆಕ್ಕೆಯಂಚಿಗೆ ಸೆಳೆಯುವ ಬೊಟ್ಟು, ತರಗೆಲೆಯ ಕಾಲದಲ್ಲಿ ಚಿಟ್ಟೆಯನ್ನೇ ಹಿಡಿದುಕೊಟ್ಟೀತು. ಮರಿಹುಳು ಬೆಳೆಯುವ ದಿನಗಳ ಬಿಸಿ ಮತ್ತು ತೇವ ಯಾವ ಅಂಗಿ ಹೊಲಿಯಬೇಕೆಂಬ ಸೂಚನೆ ಕೊಡುತ್ತವೆ. ಒಂದೇ ಜಾತಿ, ಎರಡು ಉಡುಪು.

ಎಲ್ಲಿಗೂ ಹೋಗಲಾಗದ ಕುಟುಂಬಕ್ಕೆ ಹಿತ್ತಿಲಿನ ಕರಿಬೇವು ಅಥವಾ ನಿಂಬೆ ಗಿಡವೇ ಸಾಕು ಎಂದು ನಾನು ಒತ್ತಿ ಹೇಳುತ್ತೇನೆ. ಅದರ ಎಳೆಯ ಎಲೆಗಳನ್ನು ಕಾಮನ್ ಮಾರ್ಮನ್ ಎಂಬ ದೊಡ್ಡ ಕಪ್ಪು ಚಿಟ್ಟೆಯ ಮರಿಹುಳುಗಳು ತಿನ್ನುತ್ತವೆ. ಎಳೆಯ ಹುಳು ಕಂದು–ಬಿಳಿಯ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ತಿನ್ನುವ ಮನಸ್ಸು ಯಾವ ಹಕ್ಕಿಗೂ ಬಾರದು. ಬೆಳೆದ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಹೊರಚಾಚಿ ಕಟುವಾಸನೆ ಬಿಡುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗುವವರೆಗೆ ಸುಮಾರು ಒಂದು ತಿಂಗಳು, ಅಂದರೆ ಒಂದು ಬೇಸಿಗೆ ರಜೆಯೊಳಗೆ ಇಡೀ ಬಾಳು ಕಣ್ಣೆದುರು ಮುಗಿಯುತ್ತದೆ. ಎಲೆ ಬೋಳಾಯಿತೆಂದು ಅಜ್ಜಿ ಗೊಣಗಿದರೆ ಒಂದು ತಿಂಗಳು ಸಾರಿನ ಒಗ್ಗರಣೆಗೆ ಪಕ್ಕದ ಮನೆಯ ಗಿಡ ನೋಡಿಕೊಳ್ಳಬೇಕಾದೀತು.

ಹುಳು ಚಿಟ್ಟೆಯಾಗಿ ಮಾರ್ಪಡುವ ಕೋಶದಿಂದ ಹೊರಬಂದ ಹೆಣ್ಣು ಗಂಡಿನಂತೆಯೇ ಇರಬೇಕೆಂದಿಲ್ಲ ಎನ್ನುವುದು ಕಥೆಯ ಸ್ವಾರಸ್ಯದ ಭಾಗ. ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡವಾಗಿ ಬಿಳಿ ಬೊಟ್ಟುಗಳ ಸಾಲು. ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೆಯೇ, ಕೆಲವು ಕಾಮನ್ ರೋಸ್ ಎಂಬ ಚಿಟ್ಟೆಯ ಹಾಗೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನ ಹಾಗೆ. ಈ ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ವಿಷವನ್ನು ಮೈಗೂಡಿಸಿಕೊಂಡಿರುವುದರಿಂದ ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ವಿಷವಿಲ್ಲದ ಮಾರ್ಮನ್ ಹೆಣ್ಣು ಆ ಬಣ್ಣವನ್ನಷ್ಟೇ ಎರವಲು ಪಡೆದು ಬದುಕಿಕೊಳ್ಳುತ್ತದೆ. ಇಷ್ಟೆಲ್ಲ ಬದಲಾವಣೆಗೆ ಹಲವು ಜೀನುಗಳು ಬೇಕೆಂದು ಭಾವಿಸಿದ್ದರು. ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ, ಕೀಟಗಳಲ್ಲಿ ಗಂಡು–ಹೆಣ್ಣಿನ ವ್ಯತ್ಯಾಸವನ್ನು ರೂಪಿಸುವ ಡಬಲ್‌ಸೆಕ್ಸ್ ಎಂಬ ಒಂದೇ ಜೀನು ಈ ವೇಷವನ್ನೂ ನಿಯಂತ್ರಿಸುತ್ತದೆ ಎಂದು ತೋರಿಸಿತು. ಅಸಲಿಯನ್ನೂ ನಕಲಿಯನ್ನೂ ಬೇರ್ಪಡಿಸುವ ಗುರುತು ಮಗುವಿಗೂ ಸಿಗುವಂಥದ್ದು: ರೋಸ್ ಚಿಟ್ಟೆಯ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ಈಶ್ವರಿ ಬಳ್ಳಿಯ ಜಾತಿಯನ್ನೇ ತಿಂದು ಬೆಳೆಯುವ ಇನ್ನೊಬ್ಬ ಪ್ರಸಿದ್ಧ ನಿವಾಸಿ ಸದರ್ನ್ ಬರ್ಡ್‌ವಿಂಗ್, ಕರ್ನಾಟಕದ ರಾಜ್ಯಚಿಟ್ಟೆ. ಕಪ್ಪು ಮುಂರೆಕ್ಕೆ, ಹೊಳೆಯುವ ಹಳದಿ ಹಿಂರೆಕ್ಕೆಯ ಇದು ಮಲೆನಾಡಿನ ತೋಟದ ಮೇಲೆ ಸಣ್ಣ ಹಕ್ಕಿಯಂತೆಯೇ ನಿಧಾನವಾಗಿ ತೇಲುತ್ತದೆ.

ಮುಂಗಾರು ಸಮೀಪಿಸಿದಂತೆ ಇನ್ನೊಂದು ಸಂಚಾರ ನಡೆಯುತ್ತದೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಜಾತಿಯ ಚಿಟ್ಟೆಗಳು ಜಡಿಮಳೆ ಹಿಡಿಯುವ ಮೊದಲು ಪಶ್ಚಿಮ ಘಟ್ಟವನ್ನು ಬಿಟ್ಟು ಪೂರ್ವದ ಬಯಲಿನತ್ತ ಗುಂಪಾಗಿ ಹಾರುತ್ತವೆ, ಅಕ್ಟೋಬರ್–ನವೆಂಬರ್ ವೇಳೆಗೆ ಮತ್ತೆ ಘಟ್ಟದತ್ತ ಹಾರಾಟ ಕಾಣುತ್ತದೆ. ಬೆಂಗಳೂರಿನ ರಸ್ತೆಗಳ ಮೇಲೂ ಇವು ಒಂದರ ಹಿಂದೊಂದು ಒಂದೇ ದಿಕ್ಕಿಗೆ ಸಾಗುವುದನ್ನು ಗಮನಿಸಬಹುದು. ಇದನ್ನು ದಾಖಲಿಸುವುದು ಸುಲಭ: ಎರಡು ಮರಗಳ ನಡುವೆ ಒಂದು ಗೆರೆ ಇದೆಯೆಂದು ಭಾವಿಸಿ, ಐದು ನಿಮಿಷದಲ್ಲಿ ಎಷ್ಟು ಚಿಟ್ಟೆಗಳು ಯಾವ ದಿಕ್ಕಿಗೆ ದಾಟಿದವು ಎಂದು ಎಣಿಸಿ, ದಿನಾಂಕ ಮತ್ತು ಸಮಯ ಬರೆದಿಡುವುದು. ಈ ಕೆಲಸಕ್ಕೆ ಹತ್ತು ವರ್ಷದ ಮಗು ದೊಡ್ಡವರಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದುರ್ಬೀನಿನ ಮೇಲೆ 8×42 ಎಂದಿದ್ದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಹೆಚ್ಚು ಪಟ್ಟಿನದು ಒಳ್ಳೆಯದೆಂಬ ಭ್ರಮೆಗೆ ಬೀಳಬಾರದು. ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಸಣ್ಣ ಮಕ್ಕಳಿಗೆ 8×30ರ ಹಗುರ ದುರ್ಬೀನು ಸಾಕು, ಎರಡು ಮೀಟರ್ ದೂರದ್ದನ್ನೂ ಸ್ಪಷ್ಟವಾಗಿ ತೋರಿಸುವಂಥದ್ದಾದರೆ ಚಿಟ್ಟೆಗೂ ಆಗುತ್ತದೆ. ಮರ್ಲಿನ್ ಎಂಬ ಆ್ಯಪ್ ಹಕ್ಕಿಯ ಕೂಗು ಕೇಳಿ ಹೆಸರು ಹೇಳುತ್ತದೆ, ಆಗಾಗ ತಪ್ಪನ್ನೂ ಹೇಳುತ್ತದೆ. ಕಣ್ಣಿನಿಂದ ಕಂಡ ಮೇಲೆಯೇ ಪಟ್ಟಿಗೆ ಸೇರಿಸುವುದು ಒಳ್ಳೆಯ ರೂಢಿ. ಆದರೆ ಫೋನಿನಲ್ಲಿ ಹಕ್ಕಿಯ ಧ್ವನಿ ಹಾಕಿ ಅದನ್ನು ಕರೆಯುವುದನ್ನು ಬೇಸಿಗೆಯಲ್ಲಂತೂ ಮಾಡಲೇಬಾರದು. ತನ್ನ ಗಡಿಯೊಳಗೆ ಶತ್ರು ಬಂದನೆಂದು ಗೂಡು ಬಿಟ್ಟು ಬರುವ ಗಂಡು, ಮರಿಗಳಿಗೆ ಮೀಸಲಾದ ಬೆಳಗಿನ ತಂಪು ಹೊತ್ತನ್ನು ಇಲ್ಲದ ಎದುರಾಳಿಯೊಡನೆ ಕಾದಾಡಿ ಕಳೆಯುತ್ತದೆ. ಕಾಡುಹಕ್ಕಿಯ ಗೂಡಿಗೋ ಮೊಟ್ಟೆಗೋ ತೊಂದರೆ ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ ಮಕ್ಕಳಿಗೆ ಮೊದಲೇ ಹೇಳಿಟ್ಟಿರಬೇಕು.

ಮಕ್ಕಳ ಗಲಾಟೆಗೆ ಹಕ್ಕಿ ಹಾರಿಹೋಗುತ್ತದೆ ಎಂದು ದೂರುವವರಿಗೆ ನನ್ನ ಅನುಭವದ ಉಪಾಯ, ಅವರನ್ನು ನಡೆಸದಿರುವುದು. ಮನೆಯ ಅಂಚಿನ ಪೊದೆಯ ಬಳಿ, ನೆರಳಿನಲ್ಲಿ, ಎರಡು ಬೆರಳು ಆಳದ ಅಗಲ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ನಡುವೆ ಒಂದು ಕಲ್ಲಿಟ್ಟು, ಹತ್ತು ಹೆಜ್ಜೆ ದೂರದ ಕಿಟಕಿಯಲ್ಲಿ ಕೂರಿಸಿದರೆ ನೀರೇ ಹಕ್ಕಿಗಳನ್ನು ಕರೆತರುತ್ತದೆ. ಮೊದಲ ಎರಡು ದಿನ ಕಾಗೆ, ಗೊರವಂಕ ಮಾತ್ರ ಬಂದಾವು. ಆಮೇಲೆ ಪಿಕಳಾರ, ಮಡಿವಾಳಹಕ್ಕಿ, ಏಳೆಂಟು ಒಟ್ಟಾಗಿ ಬಂದು ಜಗಳಾಡುತ್ತ ಮೀಯುವ ಹರಟೆಮಲ್ಲಗಳು, ಒಮ್ಮೊಮ್ಮೆ ಉದ್ದ ಬಿಳಿ ಬಾಲದ ರಾಜಹಕ್ಕಿಯೂ ಇಳಿಯಬಹುದು. ನೀರನ್ನು ದಿನವೂ ಬದಲಿಸಬೇಕು, ಇಲ್ಲವಾದರೆ ಅದು ಸೊಳ್ಳೆಯ ಮರಿಗಳ ಧಾಮವಾಗುತ್ತದೆ.

ಭರಣಿ ಅಥವಾ ಕೃತ್ತಿಕೆಯ ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಈ ಎರಡು ಲೆಕ್ಕಗಳೂ ಒಂದೇ ಸಂಜೆಯಲ್ಲಿ ತಲೆಕೆಳಗಾಗುತ್ತವೆ. ಹುತ್ತಗಳಿಂದ ರೆಕ್ಕೆ ಬಂದ ಗೆದ್ದಲು, ಅಂದರೆ ಈಸಲು, ಹೊಗೆಯಂತೆ ಏಳುತ್ತದೆ. ಕಾಜಾಣ, ಗರುಡ, ಕಾಗೆ, ಕೋಳಿ ಎಲ್ಲವೂ ಒಂದೇ ಅಂಗಳದಲ್ಲಿ ಊಟಕ್ಕೆ ಸೇರುತ್ತವೆ. ಮರುದಿನದಿಂದ ನೀರು ಎಲ್ಲ ಕಡೆಯೂ ಇರುವುದರಿಂದ ತಟ್ಟೆಗೆ ಬರುವವರು ಕಡಿಮೆಯಾಗುತ್ತಾರೆ, ಹಳ್ಳದ ಅಂಚಿನ ಚಿಟ್ಟೆಗಳು ಚದುರುತ್ತವೆ. ಬಾವಿಯ ಮೇಲೆ ಬಾಗಿದ ಮರದಲ್ಲಿ ಹೋದ ವರ್ಷದ ಗೀಜಗದ ಗೂಡುಗಳು ಇನ್ನೂ ಒಣಗಿ ತೂಗುತ್ತಿರುತ್ತವೆ. ಹೊಸ ಗೂಡಿಗೆ ಬೇಕಾದ ಹಸಿ ಹುಲ್ಲಿನ ಎಳೆ ಜೂನ್ ಹೊತ್ತಿಗೆ ಸಿಗುತ್ತದೆ. ಅಷ್ಟರಲ್ಲಿ ಶಾಲೆ ತೆರೆದಿರುತ್ತದೆ, ಗಂಡು ಗೀಜಗ ಅರ್ಧ ಹೆಣೆದ ಗೂಡಿಗೆ ಜೋತುಬಿದ್ದು ಹೆಣ್ಣನ್ನು ಕರೆಯುವುದನ್ನು ನೋಡಲು ಯಾವುದಾದರೊಂದು ಭಾನುವಾರ ಮತ್ತೆ ಬರಬೇಕಾಗುತ್ತದೆ.